ಒಂದು ಸಾಲಿಗೆ ಒಂದು ಬೊಂಬೆ

ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲೇ ಇಳಿದು, ಕೆರೆ ಕಟ್ಟೆಯ ಮೇಲೆ ಸ್ವಲ್ಪ ದೂರ ನಡೆದರೆ ಒಂದು ಸಣ್ಣ ಊರು. ಆ ಊರಿಗೆ ಕಾಲಿಟ್ಟ ಕೂಡಲೇ ಕಾಣುವುದು ಆದಿಲಕ್ಷ್ಮಮ್ಮನ ಮನೆ. ಎರಡು ಸೀಮೆ ಹಸು, ಮಳೆ ಬಂದರೆ ರಾಗಿ ಕೊಡುವ ಒಂದಿಷ್ಟು ಹೊಲ, ಎದುರಿಗೆ ಸಿಮೆಂಟು ಬಳಿದ ಅಗಲವಾದ ಜಗುಲಿ. ಗಂಡ ಕದಿರಪ್ಪ ಹತ್ತಿರದ ನಂದಿದುರ್ಗ ಎಂಬ ಹೆಸರಿನ ಚಿನ್ನದ ಗಣಿಯಲ್ಲಿ, ನೆಲದಡಿಯ ಸುರಂಗಗಳಿಗೆ ಮರದ ಆಸರೆ ಕೊಡುವ ಕೆಲಸದಲ್ಲಿದ್ದ. ಪಾಳಿ ಯಾವುದಿದ್ದರೂ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದ.

ಆದಿಲಕ್ಷ್ಮಮ್ಮ ಬಂಗಾರಪೇಟೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಮಾತು ಕಡಿಮೆ. ಕೈ ಮಾತ್ರ ಚೆನ್ನಾಗಿ ಓಡುತ್ತಿತ್ತು. ಹಬ್ಬ ಹತ್ತಿರ ಬಂದರೆ ಸುಣ್ಣ, ಕೆಮ್ಮಣ್ಣು ಕಲಸಿಕೊಂಡು ಗೋಡೆಯ ಮೇಲೆ ಗಿಣಿ, ನವಿಲು, ಕಬ್ಬಿನ ಜಲ್ಲೆ ಬರೆಯುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ತಮ್ಮ ಗೋಡೆಗೂ ಬರೆಸಿಕೊಳ್ಳಲು ಅವಳನ್ನು ಕರೆದೊಯ್ಯುತ್ತಿದ್ದರು. ಮದುವೆಯಾಗಿ ಬಹಳ ಕಾಲ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಮುನಿರತ್ನ. ರತ್ನ ಎಂದು ಕರೆಯುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ಮಳೆ ತಡವಾಗಿ ಬಂದು ಬಿಡದೆ ಸುರಿಯಿತು. ಕೆರೆ ತುಂಬಿತು, ಕೆಳಗಿನ ಗದ್ದೆಗಳಲ್ಲಿ ನೀರು ನಿಂತಿತು. ಸಂಜೆಯಾದರೆ ಸೊಳ್ಳೆಗಳು ಹೊಗೆಯ ಹಾಗೆ ಎದ್ದು ಊರೊಳಗೆ ಬರುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳಿಗೆ ಜ್ವರ ಬಂದು, ಕತ್ತು ಸೆಟೆದು, ಕಣ್ಣು ಮೇಲಾಗುತ್ತಿದೆ ಎಂಬ ಸುದ್ದಿ ಬಂತು. ಮೆದುಳು ಜ್ವರ ಎನ್ನುತ್ತಿದ್ದರು. ಸುದ್ದಿ ಊರಿಗೆ ಬಂದ ವಾರವೇ ರತ್ನ ಸ್ಕೂಲಿನಿಂದ ತಲೆನೋವೆಂದು ಮನೆಗೆ ಬಂದಳು. ಮಾರನೆಯ ಬೆಳಿಗ್ಗೆ ಅವಳನ್ನು ಎತ್ತಿ ಕೂರಿಸಲು ಹೋದರೆ ಕತ್ತು ಬಗ್ಗಲಿಲ್ಲ. ಅದೇ ಹೊತ್ತಿಗೆ ಕೆಳಗಿನ ಬೀದಿಯಿಂದ ಪಾಪಕ್ಕ ತನ್ನ ಮಗಳು ಕನಕಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿಬಂದಳು. ಪಾಪಕ್ಕ ಕೂಲಿ ಮಾಡಿ ಬದುಕುವವಳು, ಗಂಡನಿಲ್ಲ. ಕನಕ, ರತ್ನ ಇಬ್ಬರೂ ಮೂರನೇ ಕ್ಲಾಸು, ಒಂದೇ ಮಣೆಯ ಮೇಲೆ ಕೂರುವವರು.

ಹಾಲು ಒಯ್ಯಲು ಬಂದಿದ್ದ ವ್ಯಾನಿನಲ್ಲಿ, ಕ್ಯಾನುಗಳ ನಡುವೆ ಇಬ್ಬರನ್ನೂ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿ ಮಂಚ ಸಾಲದೆ ಇಬ್ಬರನ್ನೂ ಒಂದೇ ಮಂಚದ ಮೇಲೆ ಹಾಕಿದರು. ಕೆಲವು ದಿನ ಕಳೆದು ಒಂದು ಮಧ್ಯಾಹ್ನ ರತ್ನ ಹೋದಳು. ಕದಿರಪ್ಪ ಆಗ ನೆಲದಡಿಯಲ್ಲಿದ್ದ. ಪಾಳಿ ಮುಗಿಸಿ ಮೇಲೆ ಬಂದಾಗ ಹೇಳಿದರು. ಮಂಚದ ಮೇಲೆ ಕನಕ ಇನ್ನೂ ಉಸಿರಾಡುತ್ತಿದ್ದಳು. ಅವಳಿಗೆ ಜಾಗ ಹೆಚ್ಚು ಸಿಕ್ಕಿದ್ದನ್ನು ಆದಿಲಕ್ಷ್ಮಮ್ಮ ನೋಡಿದಳು. ಆ ನೋಟ ಅವಳ ಕಣ್ಣಿನಿಂದ ಬಹಳ ವರ್ಷ ಹೋಗಲಿಲ್ಲ.

ರತ್ನಳನ್ನು ಊರಿಗೆ ತಂದು ಕೆರೆ ಕೋಡಿಯ ಹತ್ತಿರ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು. ಊರಿನ ಸಣ್ಣ ಮಕ್ಕಳನ್ನೆಲ್ಲ ಮಣ್ಣು ಮಾಡುವ ಜಾಗ ಅದು.

ಸಂಕ್ರಾಂತಿ ಕಳೆದ ಮೇಲೆ ಕನಕ ಊರಿಗೆ ಬಂದಳು. ಮೊದಲಿನ ಕನಕ ಅಲ್ಲ. ಎಡಗಾಲು ಎಳೆಯುತ್ತಿತ್ತು, ಬಾಯಿಯ ಒಂದು ಮೂಲೆ ಸ್ವಲ್ಪ ಜಾರಿತ್ತು. ದಿನಾ ಮಾತ್ರೆ ನುಂಗಿದರೂ ಆಗಾಗ ಫಿಟ್ಸು ಬಂದು ಬೀಳುತ್ತಿದ್ದಳು. ಯಾರು ಏನು ಕೇಳಿದರೂ ನಗುತ್ತಿದ್ದಳು. ಪಾಪಕ್ಕ ಅವಳನ್ನು ಸ್ಕೂಲಿಗೆ ಕಳಿಸಿ ನೋಡಿದಳು. ಕ್ಲಾಸಿನಲ್ಲೇ ಫಿಟ್ಸು ಬಂತು, ಮಕ್ಕಳು ಹೆದರಿ ಹೊರಗೆ ಓಡಿದರು. ಬಚ್ಚಪ್ಪ ಮೇಷ್ಟ್ರು ಅವಳನ್ನು ಮನೆಗೆ ಕಳಿಸಿಬಿಟ್ಟರು.

ಪಾಪಕ್ಕ ಆದಿಲಕ್ಷ್ಮಮ್ಮನ ಜಗುಲಿಯ ಮುಂದೆ ಬಂದು ನಿಂತಳು.

"ಅಕ್ಕಾ, ಬೆಳಿಗ್ಗಿಂದ ಸಂಜೆಗಂಟ ನಿಮ್ ಜಗುಲಿ ಮೇಲೆ ಕುಂತಿರ್ತಾಳೆ. ಮದ್ಯಾನಕ್ ಇಟ್ಟು ನಾನೇ ಕಟ್ಕೊಡ್ತೀನಿ. ಒಬ್ಳನ್ನೇ ಬಿಟ್ಟು ಕೂಲಿಗೋದ್ರೆ ಬಾವಿಗೋ ಕೆರೆಗೋ ಬಿದ್ದು ಸಾಯ್ತಾಳೆ."

ಒಳಗಿನಿಂದ ಕದಿರಪ್ಪ, "ಇರ್ಲಿ ಬಿಡಮ್ಮ, ಕುಂತಿರ್ಲಿ" ಎಂದ. ಅಂದು ಇಡೀ ದಿನ ಆದಿಲಕ್ಷ್ಮಮ್ಮ ಗಂಡನ ಜೊತೆ ಮಾತಾಡಲಿಲ್ಲ.

ಹೀಗೆ ಕನಕ ಜಗುಲಿಗೆ ಬಂದಳು. ದಿನಾ ಬೆಳಿಗ್ಗೆ ಬಂದು ಕೂತ ಕೂಡಲೇ ಅವಳ ಮೊದಲ ಮಾತು ಒಂದೇ.

"ರತ್ನ ಎಲ್ಲಕ್ಕ?"

ಮೊದಲ ದಿನ ಆದಿಲಕ್ಷ್ಮಮ್ಮ "ಇಲ್ಲ" ಎಂದಳು. ಕನಕ ನಕ್ಕಳು. ಮರುದಿನ ಮತ್ತೆ ಕೇಳಿದಳು. "ಊರಿಗೋಗವ್ಳೆ" ಎಂದಳು ಆದಿಲಕ್ಷ್ಮಮ್ಮ. ಅದಕ್ಕೂ ಕನಕ ತಲೆಯಾಡಿಸಿ, ಅದರ ಮರುದಿನ ಮತ್ತೆ ಕೇಳಿದಳು. "ಸತ್ತೋದ್ಳು" ಎಂದೂ ಒಂದು ದಿನ ಹೇಳಿ ನೋಡಿದಳು. ಆ ಪದವನ್ನು ಕನಕ ಬಾಯಲ್ಲಿ ಹಾಗೇ ತಿರುಗಿಸಿದಳು, "ಸತ್ತೋದ್ಳು, ಸತ್ತೋದ್ಳು" ಎಂದು. ಮಾರನೆಯ ಬೆಳಿಗ್ಗೆ ಮತ್ತೆ, "ರತ್ನ ಎಲ್ಲಕ್ಕ?"

ಒಂದು ಸಲ ಹಾಲಿಗೆ ಬಂದ ಬಚ್ಚಪ್ಪ ಮೇಷ್ಟ್ರು ಅವಳನ್ನು ನೋಡಿ ನಿಂತರು. ಚೀಲದಿಂದ ಮೂರನೇ ಕ್ಲಾಸಿನ ಪುಸ್ತಕ ತೆಗೆದು ಕೈಗೆ ಕೊಟ್ಟು "ಓದಮ್ಮ" ಎಂದರು. ಕನಕ ಸರಸರನೆ ಓದಿದಳು. ಒತ್ತಕ್ಷರ ಬಿಡಲಿಲ್ಲ, ಒಂದು ಸಾಲು ತಪ್ಪಲಿಲ್ಲ.

"ಏನ್ ಓದ್ದೆ, ಹೇಳು?"

ಕನಕ ನಕ್ಕಳು.

"ನೋಡಿದ್ರಾ ಆದಿಲಕ್ಷ್ಮಮ್ಮ," ಎಂದರು ಮೇಷ್ಟ್ರು, "ಅಕ್ಷರ ಎಲ್ಲಾ ಅಂಗಂಗೇ ಐತೆ. ಜ್ವರ ಅದನ್ನ ಮುಟ್ಟಿಲ್ಲ. ಓದಿದ್ದು ಒಳಕ್ಕೋಗಲ್ಲ, ಅಷ್ಟೆ. ನಂತಾವ ಎಲ್ಲಾ ಕ್ಲಾಸಿನ ಮಕ್ಳೂ ಒಂದೇ ರೂಮ್ನಾಗವ್ರೆ. ಇವಳನ್ನ ಎಲ್ಲಿ ಇಟ್ಕೊಳ್ಲಿ?" ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ಪುಸ್ತಕ ಮಾತ್ರ ಜಗುಲಿಯ ಮೇಲೇ ಬಿಟ್ಟು ಹೋದರು.

ಬೇಸಿಗೆ ಶುರುವಾದಾಗ ಅದು ನಡೆಯಿತು. ಆದಿಲಕ್ಷ್ಮಮ್ಮ ಬೆಳಗಿನಿಂದ ಸಗಣಿ ಬಾಚಿ, ನೀರು ಹೊತ್ತು, ಮಜ್ಜಿಗೆ ಕಡೆಯಲು ಕೂತಿದ್ದಳು. ಕನಕ ಬಂದಳು, ಕೇಳಿದಳು. ಆದಿಲಕ್ಷ್ಮಮ್ಮ ತಲೆಯೆತ್ತದೆ ಹೇಳಿಬಿಟ್ಟಳು: "ಕೆರೆ ಕೋಡಿ ತಾವ ಅವ್ಳೆ. ಓಗ್ ನೋಡ್ಕೋ."

ಕನಕ ಎದ್ದು ಹೋದಳು. ಎಳೆಯುವ ಕಾಲಿನ ಸದ್ದು ಬೀದಿಯಲ್ಲಿ ದೂರವಾಗುವುದು ಕೇಳಿಸುತ್ತಲೇ ಇತ್ತು. ಆದಿಲಕ್ಷ್ಮಮ್ಮ ಕಡೆಯುತ್ತಲೇ ಇದ್ದಳು. ಬೆಣ್ಣೆ ಬಂತು, ತೆಗೆದಿಟ್ಟಳು, ಕೈ ತೊಳೆದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಓಡಿದಳು.

ಹೊಂಗೆ ಮರದಾಚೆ, ನೀರಿನ ಅಂಚಿನಲ್ಲಿ ಕನಕ ಬಿದ್ದಿದ್ದಳು. ಫಿಟ್ಸು ಬಂದು ಹೋಗಿತ್ತು. ಬಾಯಿಯ ನೊರೆಗೆ ಮರಳು ಮೆತ್ತಿಕೊಂಡಿತ್ತು, ಒಂದು ಪಾದ ನೀರಿನೊಳಗಿತ್ತು. ಇನ್ನೊಂದು ಸಲ ಉರುಳಿದ್ದರೆ ಮುಖವೂ ಒಳಗಿರುತ್ತಿತ್ತು. ಆದಿಲಕ್ಷ್ಮಮ್ಮ ಅವಳನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡು ಕೂತಳು. ಜ್ಞಾನ ಬಂದ ಮೇಲೆ ಕನಕ ಸುತ್ತಲೂ ನೋಡಿ ಹೇಳಿದಳು, "ಇಲ್ಲಿ ಯಾರೂ ಇಲ್ಲಕ್ಕ."

ಅವಳನ್ನು ಹೊತ್ತುಕೊಂಡೇ ಮನೆಗೆ ಬಂದಳು. ಈ ವಿಷಯ ಪಾಪಕ್ಕನಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಕೆಲವು ದಿನಗಳ ನಂತರ ಕದಿರಪ್ಪ ಕೊಟ್ಟಿಗೆಯ ಕಿಂಡಿಗೆ ಅಂಟಿಸಲೆಂದು ಗಣಿಯಿಂದ ಒಂದು ಹಳೆಯ ಗೋಡೆಪಟ ತಂದ. ದಪ್ಪ ಕಾಗದ. ಅದರ ಮೇಲೆ ಮೂರು ಚಿತ್ರ, ಆ ಕಡೆಯವರ ಮಾತಿನಲ್ಲಿ ಬೊಂಬೆ. ಟೋಪಿಯಿಲ್ಲದ ಒಬ್ಬ ಕೆಲಸಗಾರ ಸುರಂಗದಲ್ಲಿ ನಿಂತಿದ್ದಾನೆ. ಮೇಲಿನಿಂದ ಕಲ್ಲು, ಕಲ್ಲಿನಿಂದ ಅವನ ತಲೆಯ ಕಡೆಗೆ ಕೆಂಪು ಬಾಣದ ಗುರುತು. ಕಡೆಯದರಲ್ಲಿ ಅವನು ಮಲಗಿದ್ದಾನೆ.

ಕನಕ ಅದನ್ನು ನೋಡಿದಳು. ಯಾರೂ ಏನೂ ಕೇಳಿರಲಿಲ್ಲ. "ಅಯ್ಯೋ, ಕಲ್ಲು ಬಿತ್ತು. ಟೋಪಿ ಇಕ್ಕಂಡಿಲ್ಲ ಅವ್ನು" ಎಂದಳು.

ಸೌದೆ ಒಡೆಯುತ್ತಿದ್ದ ಆದಿಲಕ್ಷ್ಮಮ್ಮ ಕೊಡಲಿ ಕೆಳಗಿಟ್ಟಳು.

"ಇದೇನಿದು, ಗಣೀಲಿ ಬೊಂಬೆ ಯಾಕ್ ಹಾಕ್ತಾರೆ?" ಎಂದು ಗಂಡನನ್ನು ಕೇಳಿದಳು.

"ಅಲ್ಲಿ ತಮಿಳ್ನೋರವ್ರೆ, ತೆಲುಗ್ನೋರವ್ರೆ, ಮಲೆಯಾಳದೋರವ್ರೆ. ಓದಾಕ್ ಬರ್ದೋರೇ ಜಾಸ್ತಿ. ಬೊಂಬೆಯಾದ್ರೆ ಎಲ್ರಿಗೂ ತಿಳೀತದೆ ಅಂತ." ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು ಪಟವನ್ನು ಅಂಟಿಸಲು ಹೋದ. ಆದಿಲಕ್ಷ್ಮಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

ಅವಳ ಮನಸ್ಸಿನಲ್ಲಿ ಆಗ ಇದ್ದದ್ದು ಕನಕಳ ಏಳಿಗೆಯ ಯೋಚನೆಯಲ್ಲ. ಆ ಪ್ರಶ್ನೆ ನಿಲ್ಲಬೇಕಿತ್ತು, ಅಷ್ಟೆ. ಈ ಹುಡುಗಿಗೆ ಅರ್ಥವಾಗುವ ಹಾಗೆ ಒಂದೇ ಒಂದು ಸಲ ಹೇಳಿಬಿಟ್ಟರೆ ದಿನಾ ಬೆಳಿಗ್ಗೆ ತನ್ನ ಮಗಳು ಹೊಸದಾಗಿ ಸಾಯುವುದು ತಪ್ಪುತ್ತದೆ ಎಂದುಕೊಂಡಳು.

ಮಾರನೆಯ ದಿನ ಮೇಷ್ಟ್ರು ಬಿಟ್ಟು ಹೋಗಿದ್ದ ಪುಸ್ತಕ ತೆಗೆದಳು. ಅದರಲ್ಲೊಂದು ಸಣ್ಣ ಪಾಠ. ಅಜ್ಜಿ ಬಾವಿಯಿಂದ ನೀರು ಸೇದಿದಳು. ಹಗ್ಗ ಹರಿಯಿತು. ಕೊಡ ಬಾವಿಯೊಳಗೆ ಬಿತ್ತು. ಕನಕ ಓದಿದಳು. ಕೊಡ ಎಲ್ಲಿದೆ ಎಂದರೆ ಉತ್ತರವಿಲ್ಲ. ಆದಿಲಕ್ಷ್ಮಮ್ಮ ಒಲೆಯಿಂದ ಇದ್ದಿಲು ತಂದು ಜಗುಲಿಯ ಸಿಮೆಂಟಿನ ಮೇಲೆ ಬಾವಿ ಬರೆದಳು, ಬಗ್ಗಿದ ಅಜ್ಜಿಯನ್ನು ಬರೆದಳು, ಹಗ್ಗ, ಕೊಡ. ಎರಡನೇ ಸಾಲಿಗೆ ಇನ್ನೊಂದು ಬಾವಿ, ಹರಿದ ಹಗ್ಗ. ಮೂರನೆಯದಕ್ಕೆ ತಳದಲ್ಲಿ ಕೊಡ.

"ಈಗ ಓದು. ಒಂದ್ ಸಾಲು ಓದು, ಬೊಂಬೆ ಮೇಲೆ ಬೆಳ್ಳಿಡು."

ಓದಿದಳು. ಬೆರಳಿಟ್ಟಳು.

"ಕೊಡ ಎಲ್ಲೈತೆ?"

ಕನಕಳ ಹುಬ್ಬು ಗಂಟಾಯಿತು. ಬಹಳ ಹೊತ್ತಿನ ಮೇಲೆ "ಒಳಗೈತೆ" ಎಂದಳು.

ಅಲ್ಲಿಂದ ಶುರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕಾರ್ಡುಗಳಾಗಿ ಕತ್ತರಿಸಿ, ಹಿಂಬದಿಯಲ್ಲಿ ಒಂದೊಂದು ಸಾಲಿಗೆ ಒಂದೊಂದು ಬೊಂಬೆ ಬರೆದಳು. ಅವುಗಳನ್ನು ಕಲಸಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಲು ಹೇಳಿದಳು. ಕನಕ ಹಗ್ಗ ಹರಿಯುವ ಮೊದಲೇ ಕೊಡವನ್ನು ಬಾವಿಗೆ ಬೀಳಿಸಿದಳು. ಹೇಳಿ ಹೇಳಿ ಸಾಕಾಗಿ ಆದಿಲಕ್ಷ್ಮಮ್ಮ ಅವಳನ್ನು ಹಿತ್ತಲ ಬಾವಿಗೆ ಕರೆದುಕೊಂಡು ಹೋಗಿ, ಒಂದು ಚೊಂಬಿಗೆ ದಾರ ಕಟ್ಟಿ ಇಳಿಬಿಟ್ಟು, ದಾರ ಕತ್ತರಿಸಿ ತೋರಿಸಿದಳು. ಚೊಂಬು ಹೋಯಿತು. ಮಾರನೆಯ ದಿನ ಬೊಂಬೆಗಳು ಸರಿಯಾಗಿ ಕೂತವು.

'ಅದಕ್ಕೇ' ಎನ್ನುವುದನ್ನು ಬರೆಯುವುದು ಹೇಗೆಂದು ತೋಚದೆ ಬಹಳ ಒದ್ದಾಡಿದಳು. ಕಡೆಗೆ ಗಣಿಯ ಪಟದಲ್ಲಿದ್ದ ಕೆಂಪು ಬಾಣವನ್ನೇ ತೆಗೆದುಕೊಂಡಳು. ಹಗ್ಗದಿಂದ ಕೊಡಕ್ಕೆ ಒಂದು ಬಾಣ. ಮೋಡದಿಂದ ಒದ್ದೆ ಬಟ್ಟೆಗೆ ಒಂದು ಬಾಣ. ಬಾಣ ಕಂಡರೆ ಕನಕ "ಅದ್ಕೇ" ಎನ್ನಲು ಕಲಿತಳು.

ಎಲ್ಲಕ್ಕಿಂತ ಕಷ್ಟವಾದದ್ದು 'ಇಲ್ಲ'. ಹಸು ಕೊಟ್ಟಿಗೆಯಲ್ಲಿ ಇಲ್ಲ ಎಂಬ ಸಾಲಿಗೆ ಆದಿಲಕ್ಷ್ಮಮ್ಮ ಕೊಟ್ಟಿಗೆ, ಗೂಟ, ನೆಲದ ಮೇಲೆ ಬಿದ್ದ ಹಗ್ಗ ಬರೆದಳು.

"ಅಸು ಬರ್ಯಾಕ್ ಮರ್ತ್ಬುಟ್ಯಾ ಅಕ್ಕ?" ಎಂದಳು ಕನಕ. ತಾನೇ ಇದ್ದಿಲು ತೆಗೆದುಕೊಂಡು ಗೂಟದ ಪಕ್ಕ ಒಂದು ವಕ್ರವಾದ ಹಸು ಬರೆದಳು.

ಮತ್ತೆ ಬರೆದರೂ ಅಷ್ಟೆ. ಖಾಲಿ ಜಾಗ ಬಿಟ್ಟರೆ ಅವಳಿಗೆ ಅದು ಬರೆಯಲು ಮರೆತ ಜಾಗ. ಆಷಾಢದಲ್ಲಿ ಒಂದು ಕಡಸನ್ನು ಮಾರಿದರು. ಕನಕ ದಿನಾ ಅದಕ್ಕೆ ಹುಲ್ಲು ಹಾಕುತ್ತಿದ್ದಳು. ಬೆಳಿಗ್ಗೆ ಬಂದು ಹುಲ್ಲು ಹಿಡಿದುಕೊಂಡು ಗೂಟದ ಮುಂದೆ ನಿಂತಳು. ಸುಮಾರು ಹೊತ್ತು ನಿಂತಳು. ಆಮೇಲೆ ಜಗುಲಿಗೆ ಬಂದು ಕಾರ್ಡುಗಳ ನಡುವೆ ಹುಡುಕಿ, ಖಾಲಿ ಕೊಟ್ಟಿಗೆಯ ಬೊಂಬೆಯನ್ನು ತೆಗೆದು ಆದಿಲಕ್ಷ್ಮಮ್ಮನ ಮುಂದೆ ಹಿಡಿದಳು.

"ಇಲ್ಲ," ಎಂದಳು.

ಕಲಿತದ್ದೆಲ್ಲ ಉಳಿಯುತ್ತಿತ್ತು ಎಂದಲ್ಲ. ಫಿಟ್ಸು ಜೋರಾಗಿ ಬಂದರೆ ಹಿಂದಿನ ವಾರದ ಪಾಠ ಒರೆಸಿದಂತೆ ಹೋಗಿರುತ್ತಿತ್ತು. ಮತ್ತೆ ಅದೇ ಬಾವಿ, ಅದೇ ಕೊಡ. ಎಷ್ಟೋ ಸಲ ಆದಿಲಕ್ಷ್ಮಮ್ಮ ಕಾರ್ಡುಗಳನ್ನು ಬೀಸಿ ಎಸೆದು ಒಳಗೆ ಹೋಗಿದ್ದುಂಟು. ಕನಕ ಒಂದೊಂದನ್ನೇ ಆರಿಸಿ, ತನಗೆ ತಿಳಿದ ಹಾಗೆ ಜೋಡಿಸಿಟ್ಟು ಕಾಯುತ್ತಿದ್ದಳು. ಸಂಜೆ ಮಗಳನ್ನು ಕರೆದೊಯ್ಯಲು ಬರುವ ಪಾಪಕ್ಕ, ಜಗುಲಿಯ ತುಂಬ ಇದ್ದಿಲ ಗೆರೆಗಳನ್ನು ನೋಡಿ, "ಇವಳು ಓದಿ ಯಾರನ್ನ ಉದ್ಧಾರ ಮಾಡ್ಬೇಕಕ್ಕ? ಕಳೆ ಕೀಳಾದ್ ಕಲಿಸಿ ಸಾಕು" ಎನ್ನುತ್ತಿದ್ದಳು. ಆದರೂ ಬಟ್ಟೆ ಒಗೆಯಲು ಹೋದ ಕಡೆ ಸಿಕ್ಕ ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದು ಕೊಡುತ್ತಿದ್ದಳು.

ಒಂದು ವರ್ಷ ತುಂಬುತ್ತ ಬಂದಿತ್ತು. ಒಂದು ಮಧ್ಯಾಹ್ನ ಆದಿಲಕ್ಷ್ಮಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಕನಕ ಎಲ್ಲ ಪಾಠಗಳ ಕಾರ್ಡುಗಳನ್ನೂ ಒಟ್ಟಿಗೆ ಹರಡಿಕೊಂಡು ಏನನ್ನೋ ಹುಡುಕುತ್ತಿದ್ದಳು. ಒಂದೊಂದಾಗಿ ಸಾಲು ಹಿಡಿಸಿದಳು. ಸ್ಕೂಲಿಗೆ ಹೋಗುವ ಇಬ್ಬರು ಹುಡುಗಿಯರು, ಅದು ಯಾವುದೋ ಪಾಠದ್ದು. ಅದರ ಪಕ್ಕ ಕಂಬಳಿ ಹೊದ್ದು ಮಲಗಿದ ಮಗು. ಆಮೇಲೆ ಸಂತೆಗೆ ಹೋಗುವ ವ್ಯಾನು. ಆಮೇಲೆ ಮಂಚ. ಆಮೇಲೆ ಕೋಲು ಹಿಡಿದು ಒಬ್ಬಳೇ ನಡೆಯುವ ಹುಡುಗಿ, ಅದು ಕುರಿ ಕಾಯುವ ಪಾಠದ್ದು. ಮಂಚಕ್ಕೂ ಒಬ್ಬಳೇ ಹುಡುಗಿಗೂ ನಡುವೆ ಒಂದು ಜಾಗ ಬಿಟ್ಟಿದ್ದಳು.

"ಅಕ್ಕ, ಇಲ್ಲಿಗೊಂದು ಬೊಂಬೆ ಇಲ್ಲ. ಬರ್ಕೊಡು."

ಆದಿಲಕ್ಷ್ಮಮ್ಮನ ಕೈ ಅಕ್ಕಿಯಲ್ಲೇ ನಿಂತಿತು. ಈ ದಿನಕ್ಕಾಗಿಯೇ ಅವಳು ಶುರು ಮಾಡಿದ್ದು. ಈಗ ಬರೆಯದೆ ಎದ್ದು ಹೋಗಬೇಕೆನ್ನಿಸಿತು. ಆದರೂ ಒಂದು ತುಂಡು ಕಾಗದ ತೆಗೆದುಕೊಂಡಳು. ಹೊಂಗೆ ಮರ ಬರೆದಳು. ಕೆರೆಯ ನೀರಿಗೆ ಒಂದು ಗೆರೆ. ಮರದ ಕೆಳಗೆ ಮಣ್ಣಿನ ಸಣ್ಣ ಗುಪ್ಪೆ. ಕನಕ ಅದನ್ನು ತೆಗೆದು ಖಾಲಿ ಜಾಗದಲ್ಲಿ ಇಟ್ಟಳು. ಮೊದಲಿನಿಂದ ಒಂದೊಂದರ ಮೇಲೂ ಬೆರಳಿಡುತ್ತ ಬಂದಳು. ಗುಪ್ಪೆಯ ಮೇಲೆ ಬೆರಳು ನಿಂತಿತು.

"ರತ್ನ ಇದ್ರೊಳಗವ್ಳಾ?"

"ಊಂ."

"ಮೇಲಕ್ ಬರಲ್ವಾ?"

"ಬರಲ್ಲ."

ಕನಕ ಇನ್ನಷ್ಟು ಹೊತ್ತು ನೋಡಿದಳು. "ಅದ್ಕೇನಾ ಅವತ್ತು ಕೋಡಿ ತಾವ ಓಗಂದಿದ್ದು?"

ಆದಿಲಕ್ಷ್ಮಮ್ಮ ತಲೆಯಾಡಿಸಿದಳು. ಜ್ವರದಿಂದ ಎದ್ದ ಮೇಲೆ ಯಾವಾಗಲೂ ನಗುತ್ತಿದ್ದ ಆ ಮುಖ ನಿಧಾನವಾಗಿ ಕುಸಿಯಿತು. ಕನಕ ಅತ್ತಳು. ಅಲ್ಲಿಂದೀಚೆಗೆ ಯಾರೂ ಅವಳು ಅತ್ತಿದ್ದನ್ನು ನೋಡಿರಲಿಲ್ಲ. ದನಿ ತೆಗೆದು, ದೊಡ್ಡವರ ಹಾಗೆ, ಎದೆ ಬಡಿದುಕೊಂಡು ಅತ್ತಳು. ಅಂದು ಸಂಜೆ ಪಾಪಕ್ಕ ಬಂದು ಏನಾಯಿತೆಂದು ಗಾಬರಿಯಿಂದ ಕೇಳಿದಾಗ, "ಪಾಠ ತಿಳೀತು" ಎಂದಷ್ಟೇ ಹೇಳಲು ಆದಿಲಕ್ಷ್ಮಮ್ಮನಿಗೆ ಆಯಿತು.

ಮರುದಿನ ಬೆಳಿಗ್ಗೆ ಕನಕ ಬಂದು ಕೂತಳು. ಪ್ರಶ್ನೆ ಕೇಳಲಿಲ್ಲ. ಅದು ನಿಂತರೆ ಹಗುರಾಗುತ್ತದೆ ಎಂದುಕೊಂಡಿದ್ದ ಆದಿಲಕ್ಷ್ಮಮ್ಮನಿಗೆ ಮನೆಯೇ ಇನ್ನಷ್ಟು ಬರಿದಾದಂತಾಯಿತು. ಕಾಯುವವಳು ಇನ್ನೊಬ್ಬಳು ಇದ್ದಳು, ಈಗ ಅವಳೂ ಕಾಯುವುದನ್ನು ಬಿಟ್ಟಳು. ಆದಿಲಕ್ಷ್ಮಮ್ಮ ಇದ್ದಿಲು ತೆಗೆದುಕೊಂಡು ಮುಂದಿನ ಪಾಠಕ್ಕೆ ಕೂತಳು. ಇನ್ನು ನಿಲ್ಲಿಸುವುದು ಅವಳಿಗೂ ಆಗುತ್ತಿರಲಿಲ್ಲ.

ಓದಿದ್ದು ಒಳಕ್ಕೆ ಹೋಗುತ್ತಿದೆ ಎಂದು ಕಂಡ ಮೇಲೆ ಮೇಷ್ಟ್ರು ಕನಕಳನ್ನು ಮತ್ತೆ ಸ್ಕೂಲಿಗೆ ಸೇರಿಸಿಕೊಂಡರು. ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಬೊಂಬೆ ಬರೆದುಕೊಂಡು ಓದುತ್ತಿದ್ದಳು. ಅವಳ ಪುಸ್ತಕದ ಅಂಚುಗಳೆಲ್ಲ ಕೊಡ, ಕೋಳಿ, ಕಾಲು, ಬಾಣಗಳಿಂದ ತುಂಬಿರುತ್ತಿದ್ದವು. ಆಮೇಲಾಮೇಲೆ ಆದಿಲಕ್ಷ್ಮಮ್ಮ ಪೆನ್ಸಿಲನ್ನೂ ಬಿಡಿಸಿದಳು. "ಕಣ್ ಮುಚ್ಕೋ. ಒಳಗೇ ಬರ್ಕೋ. ಕಂಡ್ ಮೇಲೆ ಕಣ್ ಬಿಟ್ಟು ಮುಂದಿನ್ ಸಾಲು ಓದು." ಹೀಗೆ ಅವಳು ಒಂದು ಪುಟ ಓದುವಷ್ಟರಲ್ಲಿ ಬೇರೆ ಮಕ್ಕಳು ಇಡೀ ಪಾಠ ಮುಗಿಸುತ್ತಿದ್ದರು. ಒಂದು ದಿನ ಕ್ಲಾಸಿನ ನಡುವೆ ಕನಕ ಇದ್ದಕ್ಕಿದ್ದಂತೆ ಜೋರಾಗಿ ನಕ್ಕಳಂತೆ. ಕತ್ತೆಯ ಮೇಲೆ ಕೂತುಕೊಂಡೇ ಅದೇ ಕತ್ತೆಯನ್ನು ಊರೆಲ್ಲ ಹುಡುಕಿದ ಒಬ್ಬ ದಡ್ಡನ ಕತೆ ಓದುತ್ತಿದ್ದಳು. ಪುಟದಲ್ಲಿ ಯಾವ ಬೊಂಬೆಯೂ ಇರಲಿಲ್ಲ. ಹಾಲಿಗೆ ಬಂದಾಗ ಮೇಷ್ಟ್ರು ಅದನ್ನು ಎರಡೆರಡು ಸಲ ಹೇಳಿದರು.

ಏಳನೇ ಕ್ಲಾಸಿನ ಪರೀಕ್ಷೆ ಕಾಮಸಮುದ್ರದಲ್ಲಿ. ಆದಿಲಕ್ಷ್ಮಮ್ಮನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹೊರಗೆ ಮರದ ಕೆಳಗೆ ಕೂತಳು. ಪ್ರಶ್ನೆಪತ್ರಿಕೆ ಕೈಗೆ ಬಂದ ಸ್ವಲ್ಪ ಹೊತ್ತಿಗೆ ಕನಕಳಿಗೆ ಫಿಟ್ಸು ಬಂತು. ಹೊತ್ತುಕೊಂಡು ಹೊರಗೆ ತಂದು ಮಲಗಿಸಿದರು. ಮುಂದಿನ ವರ್ಷ ಮತ್ತೆ ಕೂರಿಸಿದರೂ ಅಷ್ಟೇ ಆಯಿತು. ಅಲ್ಲಿಗೆ ಸ್ಕೂಲು ಮುಗಿಯಿತು.

ಅಷ್ಟರಲ್ಲಿ ಕದಿರಪ್ಪನ ಕೆಮ್ಮು ಎದೆಯಲ್ಲಿ ಬೇರು ಬಿಟ್ಟಿತ್ತು. ಕಲ್ಲಿನ ದೂಳು ಒಳಗೆ ಕೂತಿದೆ, ಅದು ಹೋಗುವುದಲ್ಲ ಎಂದು ಡಾಕ್ಟರು ಹೇಳಿದರು. ಗಣಿಯ ಕೆಲಸ ಬಿಟ್ಟ. ಅದೇ ಜಗುಲಿಯಲ್ಲಿ ಗೋಡೆಗೆ ಒರಗಿಕೊಂಡು, ಉಸಿರಿಗಾಗಿ ಕುತ್ತಿಗೆ ಎತ್ತುತ್ತ ಎರಡು ಬೇಸಿಗೆ ಕಳೆದ. ಕನಕ ಪಕ್ಕದಲ್ಲಿ ಕೂತು ನಿಧಾನವಾಗಿ ಓದಿ ಹೇಳುತ್ತಿದ್ದಳು. ಒಂದು ಸಾಲಿಗೂ ಇನ್ನೊಂದಕ್ಕೂ ನಡುವಿನ ಹೊತ್ತು ಅವನ ಉಸಿರಿಗೆ ಸರಿಯಾಗಿತ್ತು. ಎಂಬತ್ತಾರರ ಮಳೆಗಾಲದಲ್ಲಿ ಅವನು ತೀರಿಕೊಂಡ.

ಕನಕಳಿಗೆ ಹದಿನೆಂಟು ತುಂಬಿದ ಮೇಲೆ ಪಾಪಕ್ಕ ಗಂಡು ನೋಡಿದಳು. ಉರಿಗಾಂನಲ್ಲಿ ಗಣಿ ಕೆಲಸಗಾರರ ಲೈನುಮನೆಯ ಹುಡುಗ, ಮನೆಯಲ್ಲಿ ತಮಿಳೂ ತೆಲುಗೂ ಕಲಸಿ ಮಾತಾಡುವವರು. ಫಿಟ್ಸಿನ ವಿಷಯ ಹೇಳಿಲ್ಲ ಎಂದು ತಿಳಿದು ಆದಿಲಕ್ಷ್ಮಮ್ಮ ಕೆಳಗಿನ ಬೀದಿಗೇ ಹೋದಳು.

"ಗಂಡಿನೋರ್ಗೆ ನಿಜ ಏಳ್ಬಿಡು ಪಾಪಕ್ಕ. ಮಾತ್ರೆ ತಪ್ಪಿದ್ರೆ ಅವಳ ಗತಿ ಏನು?"

"ಏಳಿದ್ರೆ ಯಾರ್ ಕಟ್ಕೋತಾರಕ್ಕ? ನಾನ್ ಸತ್ ಮೇಲೆ ಯಾರ್ ನೋಡ್ಕೋತಾರೆ? ನೀವು ನೋಡ್ಕೋತೀರಾ?"

ಆದಿಲಕ್ಷ್ಮಮ್ಮನಿಗೆ ಕೂಡಲೇ ಹೌದು ಎನ್ನಲಾಗಲಿಲ್ಲ. ಆ ಒಂದು ಗಳಿಗೆಯಲ್ಲಿ ಮಾತು ಮುಗಿದುಹೋಯಿತು. ಮದುವೆಯಾಯಿತು.

ಅತ್ತೆಮನೆಯಲ್ಲಿ ಕನಕ ಮಾತ್ರೆಗಳನ್ನು ಬಚ್ಚಿಟ್ಟು ನುಂಗುತ್ತಿದ್ದಳು. ತೀರಿದ ಮೇಲೆ ತಂದುಕೊಡುವವರಿರಲಿಲ್ಲ. ಗಂಡನಿಗೆ ಹೇಳೋಣವೆಂದರೆ ಅಮ್ಮ ಆಣೆ ಹಾಕಿಸಿಕೊಂಡಿದ್ದಳು. ಅಡುಗೆ ಮಾಡುವಾಗ ಫಿಟ್ಸು ಬಂದು ಒಲೆಯ ಮೇಲೆ ಬಿದ್ದಳು. ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಗಾಯ ಮಾಯುವ ಮೊದಲೇ ಗಂಡ ಅವಳನ್ನು ಬಸ್ಸಿನಲ್ಲಿ ತಂದು ನಿಲುಗಡೆಯಲ್ಲಿ ಇಳಿಸಿ, ತಾನು ಊರೊಳಗೆ ಬರದೆ ಎದುರಿನ ಬಸ್ಸು ಹತ್ತಿದ. ಮೋಸ ಮಾಡಿದರೆಂದು ಅವರ ಮನೆಯವರು ಕೂಗಾಡಿದ್ದರಲ್ಲಿ ಸುಳ್ಳಿರಲಿಲ್ಲ.

ಕನಕ ಕೆರೆ ಕಟ್ಟೆಯ ಮೇಲೆ ಒಬ್ಬಳೇ ನಡೆದು ಬಂದಳು. ಅಮ್ಮನ ಮನೆಗೆ ಹೋಗದೆ ಜಗುಲಿಯ ಮೇಲೆ ಕೂತಳು.

"ಬಂದ್ಯಾ," ಎಂದಳು ಆದಿಲಕ್ಷ್ಮಮ್ಮ.

"ಬಂದೆ ಅಕ್ಕ."

"ಒಳಗ್ ಬಾ. ಇಟ್ಟು ಮಾಡಿದ್ದೀನಿ."

ಆಮೇಲೆ ಅವಳು ಅಲ್ಲಿಯೇ ಉಳಿದಳು. ಬೆಂದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಪೆನ್ಸಿಲು ಹಿಡಿಯಲು ಬರುತ್ತಿರಲಿಲ್ಲ. ಎಡಗೈಯಲ್ಲಿ ಹಾಲು ಕರೆಯುವುದನ್ನು ಕಲಿತಳು. ಪಾಪಕ್ಕ ವಾರಕ್ಕೊಮ್ಮೆ ಬಂದು ಜಗುಲಿಯ ತುದಿಯಲ್ಲಿ ಕೂತು, ಮಗಳ ಕೈಯನ್ನು ನೋಡದ ಹಾಗೆ ಬೇರೆ ಕಡೆ ನೋಡುತ್ತ, ಎದ್ದು ಹೋಗುತ್ತಿದ್ದಳು. ಮಾತ್ರೆಗೆ ಆದಿಲಕ್ಷ್ಮಮ್ಮನೇ ತಿಂಗಳಿಗೊಮ್ಮೆ ಬಂಗಾರಪೇಟೆಗೆ ಹೋಗಿ ಬರುತ್ತಿದ್ದಳು.

ತೊಂಬತ್ತೆರಡರ ಸುಮಾರಿಗೆ ಹಾಗೆ ಒಂದು ದಿನ ಹೋದವಳು ಬೆಲ್ಲ ತಂದಳು. ಕಟ್ಟಿದ್ದ ಕಾಗದವನ್ನು ಕನಕ ಬಿಡಿಸಿ, ತೊಡೆಯ ಮೇಲೆ ಹರಡಿ, ಅಂಟನ್ನು ಒರೆಸಿದಳು. ಯಾವುದೋ ಪತ್ರಿಕೆಯ ಕತೆ. ಓದಲು ಶುರು ಮಾಡಿದಳು. ಒಂದು ಸಾಲು, ಕಣ್ಣು ಮುಚ್ಚುವುದು, ಕಣ್ಣು ಬಿಟ್ಟು ಇನ್ನೊಂದು ಸಾಲು. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡ ಒಬ್ಬ ಹೆಂಗಸು ಹೊಳೆ ದಾಟುತ್ತಿದ್ದಾಳೆ. ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬರುತ್ತದೆ. ಅಲ್ಲಿಗೆ ಕಾಗದ ಹರಿದಿತ್ತು.

ಕನಕ ಅದನ್ನು ಮಗುಚಿ ನೋಡಿದಳು. ಹಿಂದೆ ಸೋಪಿನ ಜಾಹೀರಾತು.

"ಆಮ್ಯಾಕೇನಾಯ್ತಕ್ಕ?"

"ನಂಗೇನ್ ಗೊತ್ತು. ಅರ್ದೋಗೈತಲ್ಲ."

"ದಾಟಿರ್ತಾಳಾ?"

"ದಾಟಿರ್ಬೋದು."

ಕನಕ ಕಣ್ಣು ಮುಚ್ಚಿದಳು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದಳು. "ಇಲ್ಲ ಅಕ್ಕ," ಎಂದಳು. "ನೀರು ಎದೆ ಮಟ್ಟ ಐತೆ. ಮಗು ಸೊಂಟದ್ ಮೇಲೈತೆ. ಅವ್ಳು ದಾಟಿದ್ರೂ ಅದು ದಾಟಲ್ಲ."

ಆದಿಲಕ್ಷ್ಮಮ್ಮ ಅವಳನ್ನು ನೋಡಿದಳು. ಕಾಗದದಲ್ಲಿ ಬರೆಯದೆ ಇದ್ದದ್ದನ್ನು ಈ ಹುಡುಗಿ ತಾನಾಗಿ ಓದಿದ್ದು ಅದೇ ಮೊದಲು. ರಸ್ತೆಯ ಕಡೆಯಿಂದ ಹಾಲಿನ ವ್ಯಾನಿನ ಹಾರನ್ನು ಕೇಳಿಸಿತು. ಕನಕ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎಡ ತೋಳಿಗೆ ಕ್ಯಾನು ನೇತುಹಾಕಿಕೊಂಡು ಇಳಿದು ಹೋದಳು.